ಕಾರಿನ ಸೌಂಡ್ ಕೆಟ್ಟಿದೆಯಾ? ಹೊಸ ಸ್ಪೀಕರ್ ಕೊಳ್ಳುವ ಮೊದಲು ಈ ಕ್ರಮದಲ್ಲಿ ನೋಡಿ

"ಸೌಂಡ್ ಚೆನ್ನಾಗಿಲ್ಲ ಅಂತ ಹೊಸ ಸ್ಪೀಕರ್ ಹಾಕಿಸಿದೆ. ಆದರೂ ಹಾಗೇ ಇದೆ. ಈಗೇನು ಮಾಡಲಿ?" ಬಳ್ಳಾರಿ, ರಾಯಚೂರು, ಕೊಪ್ಪಳ ಕಡೆಯ ಕಾರಿನವರು ಕೇಳುವ ಪ್ರಶ್ನೆ ಹೆಚ್ಚುಕಮ್ಮಿ ಇದೊಂದೇ. ಅಂಗಡಿಯವರು ಆಂಪ್ (ಸೌಂಡಿಗೆ ಪವರ್ ಕೊಡುವ ಆಂಪ್ಲಿಫೈಯರ್) ಹಾಕಿಸಿ ಅಂತಾರೆ. ಆಂಪ್ ಬಂದ ಮೇಲೆ ಕುಂಯ್ ಅನ್ನೋ ಸದ್ದು ಹೊಸದಾಗಿ ಸೇರಿಕೊಳ್ಳುತ್ತದೆ. ದುಡ್ಡು ಹೋಗುತ್ತದೆ, ತೊಂದರೆ ಮಾತ್ರ ಅಲ್ಲೇ ಇರುತ್ತದೆ.

ಎಲ್ಲರೂ ಕೊನೆಯಿಂದ ಶುರು ಮಾಡುವುದೇ ಇದಕ್ಕೆ ಕಾರಣ. ಸೌಂಡ್ ಹೊರಡುವುದು ಹಾಡಿನ ಫೈಲಿನಿಂದ. ಅಲ್ಲಿಂದ ಫೋನ್, ಡ್ಯಾಶ್‌ಬೋರ್ಡಿನ ಡೆಕ್ (ಮ್ಯೂಸಿಕ್ ಸಿಸ್ಟಮ್), ವೈರು, ಆಮೇಲೆ ಸ್ಪೀಕರ್, ಕೊನೆಗೆ ಡೋರ್. ಇದೇ ದಾರಿಯಲ್ಲಿ ಹುಡುಕಿಕೊಂಡು ಬಂದರೆ ಎಷ್ಟೋ ಸಲ ಸ್ಪೀಕರ್ ಬಿಚ್ಚುವ ಮೊದಲೇ ತಪ್ಪು ಸಿಕ್ಕಿಬಿಡುತ್ತದೆ. ನಿಯಮ ಒಂದೇ: ಒಂದು ಸಲಕ್ಕೆ ಒಂದೇ ಬದಲಾವಣೆ. ಬದಲಾಯಿಸಿ, ಕೇಳಿ, ಆಮೇಲೆ ಮುಂದಿನದು. ಮೂರು ಕೆಲಸ ಒಟ್ಟಿಗೆ ಮಾಡಿದರೆ ಯಾವುದರಿಂದ ಸರಿಹೋಯಿತು, ಯಾವುದರಿಂದ ಕೆಟ್ಟಿತು ಅನ್ನೋದು ಗೊತ್ತೇ ಆಗುವುದಿಲ್ಲ.

ಬೇಕಾಗುವ ಸಾಮಾನು

ಒಂದು ಡಿಜಿಟಲ್ ಮಲ್ಟಿಮೀಟರ್ ಇಲ್ಲದೆ ಈ ಕೆಲಸಕ್ಕೆ ಕೈಹಾಕಬೇಡಿ. ದುಬಾರಿಯದು ಬೇಕಿಲ್ಲ, ಎಲೆಕ್ಟ್ರಿಕಲ್ ಅಂಗಡಿಯಲ್ಲಿ ಸಿಗುವ ಸಾದಾ ಮೀಟರ್ ಸಾಕು. ಜೊತೆಗೆ ಗೋಡೆ ಗಡಿಯಾರಕ್ಕೆ ಹಾಕುವ 1.5 ವೋಲ್ಟ್ ಸೆಲ್ ಒಂದು, ಅದಕ್ಕೆ ಎರಡು ತುಂಡು ವೈರು. ಸ್ಟಾರ್ ಸ್ಕ್ರೂಡ್ರೈವರ್, 10 ಎಂಎಂ ಸ್ಪ್ಯಾನರ್, ಡೋರ್ ಪ್ಯಾನೆಲ್ ಎಬ್ಬಿಸಲು ಪ್ಲಾಸ್ಟಿಕ್ ಪಟ್ಟಿ, ಟಾರ್ಚ್, ಒಣ ಪೇಂಟ್ ಬ್ರಷ್, ಮಾಸ್ಕಿಂಗ್ ಟೇಪ್, ಮಾರ್ಕರ್ ಪೆನ್ನು. ಪ್ಯಾನೆಲ್‌ಗೆ ಕಬ್ಬಿಣದ ಸ್ಕ್ರೂಡ್ರೈವರ್ ತೂರಿಸಿದರೆ ಬಣ್ಣವೂ ಹೋಗುತ್ತದೆ, ಕ್ಲಿಪ್ಪೂ ಮುರಿಯುತ್ತದೆ.

ಒಂದು ಪೆನ್‌ಡ್ರೈವ್‌ನಲ್ಲಿ ಪರೀಕ್ಷೆಗೆ ಮೂರು ತರಹದ ಆಡಿಯೋ ಇಟ್ಟುಕೊಳ್ಳಿ. ಗಂಡಸಿನ ಮಾತು ಮಾತ್ರ ಇರುವ ಒಂದು ರೆಕಾರ್ಡಿಂಗ್. ನಿಮಗೆ ಬಾಯಿಪಾಠ ಇರುವಷ್ಟು ಪರಿಚಯದ ಒಂದು ಹಾಡು. 40 ಹರ್ಟ್ಜ್‌ನಿಂದ 200 ಹರ್ಟ್ಜ್‌ವರೆಗೆ ನಿಧಾನಕ್ಕೆ ಏರುವ ಒಂದು ಟೋನ್. ಪ್ರತಿ ಸಲ ಇವೇ ಮೂರು. ಪರೀಕ್ಷೆಯ ನಡುವೆ ಹಾಡು ಬದಲಾಯಿಸಿದರೆ ಕಿವಿ ಮೋಸ ಹೋಗುತ್ತದೆ.

ಶುರು ಮಾಡುವ ಮುಂಚೆ ಎಚ್ಚರಿಕೆ

ಸ್ಟಿಯರಿಂಗ್ ಹತ್ತಿರ, ಸೀಟಿನ ಕೆಳಗೆ, ಕೆಲವು ಕಾರುಗಳಲ್ಲಿ ಡೋರ್ ಒಳಗೂ ಹಳದಿ ಬಣ್ಣದ ಕನೆಕ್ಟರ್ ಇರುತ್ತದೆ. ಅದು ಏರ್‌ಬ್ಯಾಗ್‌ನದು. ಅದನ್ನು ಮುಟ್ಟಬೇಡಿ, ಮೀಟರ್ ಅಂತೂ ಹಚ್ಚಲೇಬೇಡಿ. ಡೆಕ್ ಹೊರಗೆ ತೆಗೆಯುವ ಮೊದಲು ಬ್ಯಾಟರಿಯ ಮೈನಸ್ ಬಿಚ್ಚಿ. ಕಂಪನಿಯಿಂದಲೇ ಬಂದ ಡೆಕ್ ಆಗಿದ್ದರೆ ಅದಕ್ಕೆ ಕೋಡ್ ಇದೆಯಾ ಅಂತ ಮೊದಲೇ ನೋಡಿಕೊಳ್ಳಿ. ಕೋಡ್ ಗೊತ್ತಿಲ್ಲದಿದ್ದರೆ ಬ್ಯಾಟರಿ ಮತ್ತೆ ಹಚ್ಚಿದ ಮೇಲೆ ಡೆಕ್ ಲಾಕ್ ಆಗಿ ಕೂತಿರುತ್ತದೆ.

ಸುಟ್ಟ ವಾಸನೆ ಬಂದರೆ, ಹೊಸ ಫ್ಯೂಸ್ ಹಾಕಿದ ತಕ್ಷಣ ಮತ್ತೆ ಹೋದರೆ, ಇಲ್ಲಾ ವೈರು ಮುಟ್ಟಿದರೆ ಬಿಸಿ ಅನ್ನಿಸಿದರೆ ಅಲ್ಲಿಗೆ ನಿಲ್ಲಿಸಿ ಆಟೋ ಎಲೆಕ್ಟ್ರಿಷಿಯನ್ ಹತ್ತಿರ ಹೋಗಿ. 10 ಆಂಪಿಯರ್ ಫ್ಯೂಸ್ ಜಾಗಕ್ಕೆ 20ರದ್ದು ಹಾಕಿ ನೋಡುವ ಚಾಳಿ ನಮ್ಮ ಕಡೆ ಇದೆ. ಹಾಗೆ ಮಾಡಿದರೆ ಫ್ಯೂಸ್ ಬದಲು ವೈರಿಂಗ್ ಸುಡುತ್ತದೆ.

ಹಂತ 1: ಏನು ಕೆಟ್ಟಿದೆ ಅಂತ ಸರಿಯಾಗಿ ಕೇಳಿಸಿಕೊಳ್ಳಿ

"ಸೌಂಡ್ ಸರಿ ಇಲ್ಲ" ಅಂದರೆ ಏನೂ ಹೇಳಿದ ಹಾಗಾಗಲಿಲ್ಲ. ಊರ ಹೊರಗೆ ಸದ್ದಿಲ್ಲದ ಜಾಗದಲ್ಲಿ ಕಾರು ನಿಲ್ಲಿಸಿ. ಎಂಜಿನ್ ಆಫ್, ಎಸಿ ಆಫ್, ಗ್ಲಾಸ್ ಮೇಲೆ. ಡೆಕ್‌ನಲ್ಲಿ ಬ್ಯಾಲೆನ್ಸ್ (ಎಡ-ಬಲ) ಮತ್ತು ಫೇಡರ್ (ಮುಂದೆ-ಹಿಂದೆ) ಸೆಟ್ಟಿಂಗ್ ತೆರೆದು ಒಂದು ಸಲಕ್ಕೆ ಒಂದೇ ಡೋರ್‌ನ ಸ್ಪೀಕರ್ ಕೇಳಿ: ಮುಂದಿನ ಎಡ, ಮುಂದಿನ ಬಲ, ಹಿಂದಿನ ಎಡ, ಹಿಂದಿನ ಬಲ. ಪ್ರತಿಯೊಂದಕ್ಕೂ ಏನು ಕೇಳಿಸಿತು ಅಂತ ಚೀಟಿಯಲ್ಲಿ ಬರೆದಿಡಿ. ಆಮೇಲೆ ಎಂಜಿನ್ ಚಾಲೂ ಮಾಡಿ ಇನ್ನೊಮ್ಮೆ ಕೇಳಿ.

ನಾಲ್ಕೂ ಸ್ಪೀಕರ್ ಒಂದೇ ತರಹ ಕೆಟ್ಟದಾಗಿ ಕೇಳಿಸಿದರೆ ಸ್ಪೀಕರ್‌ಗಳದ್ದು ತಪ್ಪಿಲ್ಲ ಅಂತಲೇ ಲೆಕ್ಕ. ನಾಲ್ಕೂ ಒಂದೇ ದಿನ ಕೆಡುವುದಿಲ್ಲವಲ್ಲ. ಹಾಡು, ಫೋನ್, ಡೆಕ್ ಅಥವಾ ಕರೆಂಟ್ ಕಡೆ ನೋಡಬೇಕು. ಒಂದೇ ಡೋರ್ ಕೆಟ್ಟಿದ್ದರೆ ಆ ಡೋರ್‌ನ ವೈರು, ಸ್ಪೀಕರ್, ಪ್ಯಾನೆಲ್ ಈ ಮೂರರಲ್ಲೇ ಉತ್ತರ ಇದೆ. ಒಂದೊಂದೇ ಕೇಳಿದಾಗ ಚೆನ್ನಾಗಿದ್ದು, ಎಲ್ಲ ಒಟ್ಟಿಗೆ ಬಿಟ್ಟಾಗ ಬೇಸ್ ಮಾಯವಾದರೆ ಯಾವುದೋ ಒಂದಕ್ಕೆ ಪ್ಲಸ್-ಮೈನಸ್ ಅದಲುಬದಲಾಗಿದೆ. ನೇರ ಹಂತ 5ಕ್ಕೆ ಹೋಗಿ. ಆಕ್ಸಿಲರೇಟರ್ ಒತ್ತಿದಂತೆ ಏರುವ ಕುಂಯ್ ಸದ್ದು ಇದ್ದರೆ ಹಂತ 4. ಸಣ್ಣ ಸೌಂಡ್‌ನಲ್ಲೂ ಚರಚರ ಅಂದರೆ ಹಂತ 6. ಬೇಸ್ ಬಂದಾಗ ಮಾತ್ರ ಡೋರ್ ಗಡಗಡ ಅಂದರೆ ಹಂತ 7.

ಹೀಗೆ ಹಾರಿ ಹೋಗುವ ಮೊದಲು ಹಂತ 2 ಮತ್ತು 3 ಮುಗಿಸಿಕೊಳ್ಳಿ. ಅದಕ್ಕೆ ಹತ್ತು ನಿಮಿಷವೂ ಬೇಡ, ಖರ್ಚಂತೂ ಇಲ್ಲವೇ ಇಲ್ಲ.

ಹಂತ 2: ಹಾಡು ಮತ್ತು ಫೋನ್

ವಾಟ್ಸಾಪ್‌ನಲ್ಲಿ ನಾಲ್ಕು ಕೈ ದಾಟಿ ಬಂದ ಹಾಡು, ವಿಡಿಯೋದಿಂದ ಕನ್ವರ್ಟ್ ಮಾಡಿದ ಹಾಡು, ಯಾರೋ ಡಿಜೆ ಬೇಸ್ ತುಂಬಿಸಿ ಕೊಟ್ಟ ಹಾಡು ಇವು ಹುಟ್ಟಿನಿಂದಲೇ ಒಡೆದಿರುತ್ತವೆ. ಜಾತ್ರೆಯಲ್ಲಿ, ಮದುವೆ ಮೆರವಣಿಗೆಯಲ್ಲಿ ಚೆನ್ನಾಗಿ ಕೇಳಿಸಿದ ರಿಮಿಕ್ಸ್ ಕಾರಿನಲ್ಲಿ ಬರೀ ಬರ್ ಅನ್ನುವುದು ಇದಕ್ಕೇ. ಅದೇ ಫೈಲನ್ನು ಒಳ್ಳೆಯ ಇಯರ್‌ಫೋನ್ ಹಾಕಿಕೊಂಡು ಕೇಳಿ. ಅಲ್ಲೂ ಒಡೆದರೆ ಕಾರನ್ನು ಬಯ್ಯುವುದು ಬೇಡ.

ಬ್ಲೂಟೂತ್‌ನಲ್ಲಿ ಎರಡು ತಪ್ಪು ಸಾಮಾನ್ಯ. ಒಂದು, ಫೋನಿನ ವಾಲ್ಯೂಮ್ ಅರ್ಧಕ್ಕಿಟ್ಟು ಡೆಕ್ ವಾಲ್ಯೂಮ್ ಪೂರ್ತಿ ಏರಿಸುವುದು. ಆಗ ಹಾಡಿನ ಜೊತೆ ಹಿಸ್ ಅನ್ನುವ ಸದ್ದೂ ದೊಡ್ಡದಾಗುತ್ತದೆ. ಫೋನನ್ನು ಪೂರ್ತಿ, ಇಲ್ಲವೇ ಅದಕ್ಕಿಂತ ಒಂದು ಮೆಟ್ಟಿಲು ಕೆಳಗೆ ಇಟ್ಟು, ಕಮ್ಮಿ-ಜಾಸ್ತಿ ಏನಿದ್ದರೂ ಡೆಕ್‌ನಲ್ಲೇ ಮಾಡಿ. ಎರಡನೆಯದು, ಫೋನಿನ ಬ್ಲೂಟೂತ್ ಸೆಟ್ಟಿಂಗ್‌ನಲ್ಲಿ ಕಾಲ್ ಆಡಿಯೋ ಆನ್ ಇದ್ದು ಮೀಡಿಯಾ ಆಡಿಯೋ ಆಫ್ ಇರುವುದು. ಆಗ ಹಾಡು ಕಾರಿನಲ್ಲಿ ಬರುವುದೇ ಇಲ್ಲ, ಇಲ್ಲಾ ಕೆಲವು ಆ್ಯಪ್‌ಗಳಲ್ಲಿ ಫೋನ್ ಕರೆಯ ತೆಳ್ಳನೆ ಸೌಂಡ್‌ನಲ್ಲಿ ಬರುತ್ತದೆ. ಫೋನಿನ ಈಕ್ವಲೈಜರ್, ಡಾಲ್ಬಿ, ಸರೌಂಡ್ ಎಲ್ಲ ಆಫ್ ಮಾಡಿ. ಫೋನೂ ಬೇಸ್ ಏರಿಸಿ, ಡೆಕ್ಕೂ ಬೇಸ್ ಏರಿಸಿದರೆ ಒಡೆಯದೇ ಇನ್ನೇನಾಗುತ್ತದೆ?

ಆಕ್ಸ್ ವೈರ್ (ಫೋನಿನಿಂದ ಡೆಕ್‌ಗೆ ಚುಚ್ಚುವ ವೈರು) ಬಳಸುವವರು ಇದನ್ನು ಗಮನಿಸಿ: ವಾದ್ಯಗಳು ಕೇಳುತ್ತವೆ, ಗಾಯಕರ ದನಿ ಮಾತ್ರ ಬಾವಿಯೊಳಗೆ ಬಿದ್ದಂತಿದೆ, ಇಲ್ಲಾ ಪೂರ್ತಿ ಮಾಯ. ಜನ ಇದಕ್ಕೆ ಟ್ವೀಟರ್ (ಮೇಲಿನ ಸ್ವರ ನುಡಿಸುವ ಪುಟ್ಟ ಸ್ಪೀಕರ್) ಹೋಗಿದೆ ಅಂದುಕೊಳ್ಳುತ್ತಾರೆ. ನಿಜವಾಗಿ ಆಕ್ಸ್ ಪಿನ್ನಿನ ಅರ್ಥ್ ತುಂಡಾಗಿರುತ್ತದೆ. ಆಗ ಎಡ-ಬಲ ಎರಡರಲ್ಲೂ ಸಮನಾಗಿರುವ ದನಿ ಒಂದನ್ನೊಂದು ಹೊಡೆದುಕೊಂಡು ಹೋಗಿ, ಬೇರೆಬೇರೆ ಇರುವ ವಾದ್ಯಗಳಷ್ಟೇ ಉಳಿಯುತ್ತವೆ. ಪಿನ್ನನ್ನು ಸ್ವಲ್ಪ ತಿರುಗಿಸಿ ನೋಡಿ. ದನಿ ಬಂದು ಹೋಗಿ ಮಾಡಿದರೆ ಹೊಸ ವೈರ್ ತನ್ನಿ, ಕೆಲಸ ಮುಗಿಯಿತು.

ಎಫ್‌ಎಂ ಕೇಳಿ ಸ್ಪೀಕರ್ ಬಗ್ಗೆ ತೀರ್ಪು ಕೊಡಬೇಡಿ. ಪಟ್ಟಣ ಬಿಟ್ಟು ಕುಷ್ಟಗಿ, ಮಸ್ಕಿ ಕಡೆ ಹೋದಂತೆ ಸಿಗ್ನಲ್ ಇಳಿಯುತ್ತದೆ. ಡೆಕ್ ತಾನಾಗಿ ಸ್ಟೀರಿಯೋ ಬಿಟ್ಟು ಮೋನೋಗೆ ಬರುತ್ತದೆ, ಮೇಲಿನ ಸೌಂಡ್ ಮಂಕಾಗುತ್ತದೆ. ಪರೀಕ್ಷೆ ಏನಿದ್ದರೂ ಪೆನ್‌ಡ್ರೈವ್‌ನಲ್ಲೇ.

ಹಂತ 3: ಡೆಕ್‌ನ ಸೆಟ್ಟಿಂಗ್ ಎಲ್ಲ ಸೊನ್ನೆಗೆ ತನ್ನಿ

ಬೇಸ್, ಟ್ರೆಬಲ್, ಮಿಡ್ ಎಲ್ಲ 0. ಲೌಡ್‌ನೆಸ್ ಆಫ್. ಬೇಸ್ ಬೂಸ್ಟ್ ಆಫ್. ಬ್ಯಾಲೆನ್ಸ್, ಫೇಡರ್ ನಡುವೆ. ಆಂಡ್ರಾಯ್ಡ್ ಡೆಕ್ ಆಗಿದ್ದರೆ ಸರೌಂಡ್, ಟೈಮ್ ಡಿಲೇ, ಸ್ಪೀಕರ್ ಪೊಸಿಷನ್ ಅಂತ ಮೆನುವಿನ ಒಳಗೆ ಅಡಗಿರುವುದನ್ನೂ ಆಫ್ ಮಾಡಿ. ಮನೆಯಲ್ಲಿ ಮಕ್ಕಳಿದ್ದರೆ ಈ ಮೆನುಗಳಲ್ಲಿ ಏನು ಬೇಕಾದರೂ ಆಗಿರಬಹುದು.

ಈಗ ವಾಲ್ಯೂಮ್ ನಿಧಾನಕ್ಕೆ ಏರಿಸಿ. ಯಾವ ನಂಬರ್‌ನಲ್ಲಿ ಸೌಂಡ್ ಬಿರುಸಾಗಿ ಒಡೆಯಲು ಶುರುವಾಗುತ್ತದೆ ಅಂತ ನೋಡಿಕೊಳ್ಳಿ. ಅದಕ್ಕಿಂತ ಎರಡು ಮೂರು ನಂಬರ್ ಕೆಳಗೆ ನಿಮ್ಮ ಡೆಕ್‌ನ ಮಿತಿ. ಡಬ್ಬದ ಮೇಲೆ 50 ವ್ಯಾಟ್ × 4 ಅಂತ ಬರೆದಿರುವುದು ಕ್ಷಣಮಾತ್ರದ ಗರಿಷ್ಠ ಲೆಕ್ಕ. ಆಂಪ್ ಇಲ್ಲದ ಡೆಕ್ ಸತತವಾಗಿ ಕೊಡುವುದು ಒಂದೊಂದು ಸ್ಪೀಕರ್‌ಗೆ 15ರಿಂದ 20 ವ್ಯಾಟ್‌ನ ಆಸುಪಾಸು ಅಷ್ಟೇ. ಬೇಸ್ 3 ಡೆಸಿಬಲ್ ಏರಿಸಿದರೆ ಆ ಜಾಗದಲ್ಲಿ ಎರಡು ಪಟ್ಟು ಪವರ್ ಬೇಕು, 6 ಏರಿಸಿದರೆ ನಾಲ್ಕು ಪಟ್ಟು. ಡೆಕ್ ಎಲ್ಲಿಂದ ತರಬೇಕು? ಅಲೆಯ ತುದಿ ಕತ್ತರಿಸಿ ಕಳಿಸುತ್ತದೆ. ಇದನ್ನೇ ಕ್ಲಿಪ್ಪಿಂಗ್ ಅನ್ನುವುದು. ಟ್ವೀಟರ್ ಸುಡುವುದು ಹೆಚ್ಚಾಗಿ ಈ ಕ್ಲಿಪ್ಪಿಂಗ್‌ನಿಂದ.

ಹೈ ಪಾಸ್ ಫಿಲ್ಟರ್ (ಆಳದ ಬೇಸ್ ತಡೆಯುವ ಸೆಟ್ಟಿಂಗ್) ಇದ್ದರೆ ಡೋರ್ ಸ್ಪೀಕರ್‌ಗಳಿಗೆ 80 ಹರ್ಟ್ಜ್ ಇಡಿ. ತೀರಾ ಆಳದ ಬೇಸ್ ಹೋಗುತ್ತದೆ ಅಂತ ಬೇಜಾರಾಗಬೇಡಿ. ಸಣ್ಣ ಸ್ಪೀಕರ್ ಅದನ್ನು ಹೇಗೂ ಸರಿಯಾಗಿ ನುಡಿಸುತ್ತಿರಲಿಲ್ಲ. ಆ ಭಾರ ಇಳಿದರೆ ಉಳಿದ ಸೌಂಡ್ ಸ್ವಚ್ಛವಾಗುತ್ತದೆ, ವಾಲ್ಯೂಮೂ ಇನ್ನಷ್ಟು ಏರಿಸಬಹುದು.

ಇಲ್ಲಿಗೇ ಸರಿಹೋಯಿತಾ? ಹಾಗಾದರೆ ಮುಂದೆ ಏನೂ ಬಿಚ್ಚಬೇಡಿ.

ಹಂತ 4: ಕರೆಂಟ್ ಮತ್ತು ಅರ್ಥ್

ಮೀಟರನ್ನು ಡಿಸಿ ವೋಲ್ಟ್‌ಗೆ ಇಟ್ಟು ಬ್ಯಾಟರಿ ನೋಡಿ. ಕೆಲವು ಗಂಟೆ ನಿಂತ ಕಾರಿನಲ್ಲಿ 12.6 ಇದ್ದರೆ ಫುಲ್ ಚಾರ್ಜ್. 12.4ಕ್ಕಿಂತ ಕೆಳಗಿದ್ದರೆ ಬ್ಯಾಟರಿ ಸುಸ್ತಾಗಿದೆ. ಎಂಜಿನ್ ಓಡುವಾಗ ಸಾಮಾನ್ಯವಾಗಿ 13.8ರಿಂದ 14.4 ಬರಬೇಕು. ಬೇಸ್ ಬಡಿತಕ್ಕೆ ಡೆಕ್ ಲೈಟ್ ಮಂಕಾಗುವುದು, ಡೆಕ್ ತಾನೇ ರೀಸ್ಟಾರ್ಟ್ ಆಗುವುದು ಇವೆಲ್ಲ ಕರೆಂಟ್ ಸಾಲುತ್ತಿಲ್ಲ ಅನ್ನುವುದಕ್ಕೆ ಗುರುತು.

ಮುಂದೆ ಅರ್ಥ್. ಮೀಟರಿನ ಕಪ್ಪು ಕಡ್ಡಿ ಬ್ಯಾಟರಿ ಮೈನಸ್‌ಗೆ, ಕೆಂಪು ಕಡ್ಡಿ ಡೆಕ್ ಅಥವಾ ಆಂಪ್‌ನ ಅರ್ಥ್ ವೈರ್‌ಗೆ. ಹಾಡು ಜೋರಾಗಿ ಬಿಡಿ. 0.2 ವೋಲ್ಟ್‌ಗಿಂತ ಜಾಸ್ತಿ ತೋರಿಸಿದರೆ ಅರ್ಥ್ ಸರಿ ಇಲ್ಲ. ಬಹಳ ಕಡೆ ಬಣ್ಣದ ಮೇಲೇ ಸ್ಕ್ರೂ ಹೊಡೆದಿರುತ್ತಾರೆ. ಬಣ್ಣ ಕೆರೆದು, ಬರಿ ಕಬ್ಬಿಣ ಕಾಣುವಂತೆ ಮಾಡಿ, ಲಗ್ (ವೈರಿನ ತುದಿಗೆ ಹಾಕುವ ಲೋಹದ ಬಳೆ) ಹಾಕಿ ಬೋಲ್ಟ್ ಬಿಗಿಯಿರಿ. ತುಕ್ಕು ಹಿಡಿಯದಂತೆ ಮೇಲೆ ಸ್ವಲ್ಪ ಗ್ರೀಸ್ ಸವರಿ. ಆಂಪ್‌ನ ಅರ್ಥ್ ವೈರು ಅರ್ಧ ಮೀಟರ್ ಒಳಗೇ ಇರಲಿ, ಪ್ಲಸ್ ವೈರಿನಷ್ಟೇ ದಪ್ಪ ಇರಲಿ.

ಕುಂಯ್ ಸದ್ದಿನ ವಿಚಾರದಲ್ಲಿ ಮೊದಲು ಮಾಡಬೇಕಾದ್ದು ಒಂದೇ: ಸಿಗರೇಟ್ ಸಾಕೆಟ್‌ನಲ್ಲಿರುವ ಮೊಬೈಲ್ ಚಾರ್ಜರ್ ಕಿತ್ತು ಹೊರಗಿಡಿ. ಆಕ್ಸ್ ವೈರಿನಲ್ಲಿ ಹಾಡು ಕೇಳುತ್ತಾ ಅದೇ ಫೋನನ್ನು ಚಾರ್ಜ್‌ಗೂ ಹಾಕಿದರೆ ಅರ್ಥ್ ಎರಡು ದಾರಿಯಲ್ಲಿ ಸುತ್ತಿ ಈ ಸದ್ದು ಹುಟ್ಟುತ್ತದೆ. ಚಾರ್ಜರ್ ತೆಗೆದ ಕೂಡಲೇ ನಿಂತರೆ ಮೆಕ್ಯಾನಿಕ್ ಬೇಕಿಲ್ಲ, ಬ್ಲೂಟೂತ್‌ಗೆ ಬದಲಾಯಿಸಿ. ನಿಲ್ಲದಿದ್ದರೆ ಅಗ್ಗದ ಎಲ್‌ಇಡಿ ಸ್ಟ್ರಿಪ್, ಡ್ಯಾಶ್‌ಕ್ಯಾಮ್ ಒಂದೊಂದಾಗಿ ಬಿಚ್ಚಿ ನೋಡಿ. ಆಂಪ್ ಇದ್ದರೆ ಆರ್‌ಸಿಎ ವೈರು (ಡೆಕ್‌ನಿಂದ ಆಂಪ್‌ಗೆ ಹಾಡು ಒಯ್ಯುವುದು) ಪವರ್ ವೈರಿನ ಜೊತೆ ಅಂಟಿಕೊಂಡು ಹೋಗಿದೆಯಾ ನೋಡಿ. ಒಂದು ಎಡಗಡೆ, ಇನ್ನೊಂದು ಬಲಗಡೆ ಹೋಗಬೇಕು.

ಹಂತ 5: ವೈರು, ಜಾಯಿಂಟ್, ಪ್ಲಸ್-ಮೈನಸ್

ಹೊಸ ಸ್ಪೀಕರ್ ಹಾಕಿದ ಮೇಲೆ ಬೇಸ್ ಕಮ್ಮಿಯಾಯಿತು ಅನ್ನುವವರ ಕಾರಿನಲ್ಲಿ ನಾನು ಮೊದಲು ನೋಡುವುದು ಇದನ್ನೇ. ಒಂದು ಡೋರ್‌ನ ಸ್ಪೀಕರ್ ಹೊರಗೆ ತಳ್ಳುವಾಗ ಇನ್ನೊಂದು ಡೋರ್‌ನದು ಒಳಗೆ ಎಳೆದರೆ ಬೇಸ್ ಗಾಳಿಯಲ್ಲೇ ಕರಗಿಹೋಗುತ್ತದೆ. ಪರೀಕ್ಷೆ ಹೀಗೆ. ಫೇಡರ್ ಪೂರ್ತಿ ಮುಂದೆ. ಬ್ಯಾಲೆನ್ಸ್ ಎಡಕ್ಕೆ ತಂದು ಕೇಳಿ. ಆಮೇಲೆ ನಡುವೆ ತನ್ನಿ. ಎರಡೂ ಸ್ಪೀಕರ್ ಸೇರಿದಾಗ ಬೇಸ್ ಜಾಸ್ತಿ ಆಗಬೇಕು. ಕಮ್ಮಿ ಆದರೆ, ಹಾಡುವ ದನಿ ಎದುರಿಗೆ ನಿಲ್ಲದೆ ಎಲ್ಲಿಂದಲೋ ಬರುವಂತಾದರೆ, ಒಂದರ ವೈರು ತಿರುಗುಮುರುಗು ಆಗಿದೆ ಅಂತ ತಿಳಿಯಿರಿ.

ಯಾವುದು ಅಂತ ಪತ್ತೆ ಮಾಡುವುದು ಸೆಲ್ಲಿನ ಕೆಲಸ. ಸ್ಪೀಕರ್ ವೈರನ್ನು ಡೆಕ್ ಕಡೆಯಿಂದ ಪೂರ್ತಿ ಬಿಡಿಸಿಕೊಳ್ಳಿ. ಇದನ್ನು ಮರೆಯಬೇಡಿ. ಡೆಕ್‌ಗೆ ಹಚ್ಚಿರುವಾಗ ಸೆಲ್ ತಾಗಿಸಿದರೆ ಒಳಗಿನ ಐಸಿ ಹೋಗಬಹುದು. ಸೆಲ್ಲಿನ ಪ್ಲಸ್ಸನ್ನು ಪ್ಲಸ್ ಅಂದುಕೊಂಡ ವೈರಿಗೆ, ಮೈನಸ್ಸನ್ನು ಇನ್ನೊಂದಕ್ಕೆ ಒಂದು ಕ್ಷಣ ತಾಗಿಸಿ. ಟಪ್ ಅಂತ ಸದ್ದು ಬಂದು ಕೋನ್ (ಸ್ಪೀಕರ್‌ನ ಅಲುಗುವ ಮುಂಭಾಗ) ಹೊರಕ್ಕೆ ಜಿಗಿದರೆ ಸರಿ ಇದೆ. ಒಳಕ್ಕೆ ಹೋದರೆ ಉಲ್ಟಾ. ಗ್ರಿಲ್ ಅಡ್ಡ ಇದ್ದು ಕಾಣದಿದ್ದರೆ ಟಾರ್ಚನ್ನು ಓರೆಯಾಗಿ ಹಿಡಿಯಿರಿ. ಟ್ವೀಟರ್‌ಗೆ ಈ ಪರೀಕ್ಷೆ ನಡೆಯುವುದಿಲ್ಲ, ಕಾಣುವಷ್ಟು ಅದು ಅಲುಗುವುದಿಲ್ಲ.

ಹೊರಗಿನಿಂದ ಕೊಂಡ ಡೆಕ್‌ಗಳಲ್ಲಿ ಬಣ್ಣದ ಲೆಕ್ಕ ಹೆಚ್ಚಾಗಿ ಒಂದೇ. ಬಿಳಿ ಮುಂದಿನ ಎಡಕ್ಕೆ, ಬೂದು ಮುಂದಿನ ಬಲಕ್ಕೆ, ಹಸಿರು ಹಿಂದಿನ ಎಡಕ್ಕೆ, ನೇರಳೆ ಹಿಂದಿನ ಬಲಕ್ಕೆ. ಅದೇ ಬಣ್ಣದ ಮೇಲೆ ಕಪ್ಪು ಗೆರೆ ಇದ್ದರೆ ಮೈನಸ್. ಹಳದಿ ಸದಾ ಇರುವ 12 ವೋಲ್ಟ್, ಕೆಂಪು ಕೀ ತಿರುಗಿಸಿದಾಗ ಬರುವುದು, ಕಪ್ಪು ಅರ್ಥ್. ಆದರೆ ಕಾರಿನ ಒಳಗಿನ ಕಂಪನಿ ವೈರಿಗೆ ಈ ಲೆಕ್ಕ ಹಾಕಬೇಡಿ. ಒಂದೊಂದು ಕಂಪನಿಯದ್ದು ಒಂದೊಂದು ಬಣ್ಣ.

ಹಳೆ ಕಾಲದ ಕೆಲವು ಮೆಕ್ಯಾನಿಕ್‌ಗಳು ಸ್ಪೀಕರ್‌ನ ಮೈನಸ್‌ಗಳನ್ನೆಲ್ಲ ಒಟ್ಟು ಮಾಡಿ ಕಾರಿನ ಬಾಡಿಯ ತಗಡಿಗೆ ಅರ್ಥ್ ಕೊಡುತ್ತಾರೆ. ಹಳೇ ಕ್ಯಾಸೆಟ್ ಸೆಟ್ಟುಗಳಲ್ಲಿ ಅದು ನಡೆಯುತ್ತಿತ್ತು. ಇವತ್ತಿನ ಡೆಕ್‌ಗಳಲ್ಲಿ ಮೈನಸ್ ವೈರಿನಲ್ಲೂ ಸಿಗ್ನಲ್ ಓಡುತ್ತದೆ, ಅದು ಬಾಡಿಯ ತಗಡಿಗೆ ತಾಗಬಾರದು. ತಾಗಿದರೆ ಡೆಕ್ ಪ್ರೊಟೆಕ್ಟ್‌ಗೆ ಹೋಗುತ್ತದೆ (ತನ್ನನ್ನು ಉಳಿಸಿಕೊಳ್ಳಲು ತಾನೇ ಬಂದ್ ಆಗುತ್ತದೆ), ನಸೀಬು ಕೆಟ್ಟರೆ ಸತ್ತೇಹೋಗುತ್ತದೆ. ಹೀಗೆ ಮಾಡಿದ್ದಾರಾ ಅಂತ ಮೀಟರಿನಲ್ಲಿ ನೋಡಿ. ಡೆಕ್‌ನ ಕನೆಕ್ಟರ್ ತೆಗೆದು, ಓಮ್ಸ್‌ಗೆ ಇಟ್ಟು, ಒಂದು ಕಡ್ಡಿ ಕಾರಿನ ಬಾಡಿಯ ತಗಡಿಗೆ, ಇನ್ನೊಂದು ಪ್ರತಿ ಸ್ಪೀಕರ್ ವೈರಿಗೆ. ಯಾವುದೇ ವೈರು ಬಾಡಿ ಜೊತೆ ಸೇರಿರಬಾರದು.

ನಮ್ಮ ಕಡೆಯ ಕಾರುಗಳಲ್ಲಿ ವೈರು ಕೆಡುವ ಜಾಗ ಮೂರು. ಮೊದಲನೆಯದು ಡೋರ್ ಮತ್ತು ಬಾಡಿ ನಡುವಿನ ರಬ್ಬರ್ ಪೈಪ್. ಡೋರ್ ತೆಗೆದು ಹಾಕಿ ಒಳಗೆ ವೈರು ತುಂಡಾಗಿರುತ್ತದೆ. ಹಾಡು ಬಿಟ್ಟು ಡೋರನ್ನು ನಿಧಾನಕ್ಕೆ ತೆಗೆಯುತ್ತಾ ಮುಚ್ಚುತ್ತಾ ಕೇಳಿ, ಸೌಂಡ್ ಬಂದು ಹೋಗಿ ಮಾಡಿದರೆ ಅಲ್ಲೇ ಇದೆ ತಪ್ಪು. ಎರಡನೆಯದು ಟೇಪ್ ಸುತ್ತಿದ ಜಾಯಿಂಟ್. ರಾಯಚೂರಿನ ಏಪ್ರಿಲ್-ಮೇ ಬಿಸಿಲು 40 ಡಿಗ್ರಿ ದಾಟುವುದು ಮಾಮೂಲು. ಮುಚ್ಚಿ ನಿಲ್ಲಿಸಿದ ಕಾರಿನ ಒಳಗೆ ಅದಕ್ಕಿಂತ ಎಷ್ಟೋ ಜಾಸ್ತಿ. ಇನ್ಸುಲೇಶನ್ ಟೇಪಿನ ಗೋಂದು ಕರಗಿ, ಟೇಪ್ ಜಾರಿ, ಬೆರಳಿಗೆ ಕಪ್ಪು ಜಿಗುಟು ಹತ್ತುತ್ತದೆ. ಒಳಗೆ ಬರಿ ತಾಮ್ರ ಹೊರಗೆ ಬಂದಿರುತ್ತದೆ. ಜಾಯಿಂಟ್‌ಗೆ ಬೆಸುಗೆ ಹಾಕಿ ಹೀಟ್ ಶ್ರಿಂಕ್ ಸ್ಲೀವ್ ಏರಿಸಿ, ಇಲ್ಲವೇ ಕ್ರಿಂಪ್ ಕನೆಕ್ಟರ್ ಬಳಸಿ. ಸುಮ್ನೆ ತಿರುಚಿ ಟೇಪ್ ಸುತ್ತಬೇಡಿ.

ಮೂರನೆಯದು ಇಲಿ. ಗಂಗಾವತಿ, ಕಾರಟಗಿ, ಸಿಂಧನೂರು, ಸಿರುಗುಪ್ಪದ ಭತ್ತದ ಸೀಮೆಯಲ್ಲಿ ಇದನ್ನು ಹೇಳಿಕೊಡಬೇಕಾಗಿಲ್ಲ. ಕಣದ ಹತ್ತಿರ, ರೈಸ್‌ಮಿಲ್ ಹತ್ತಿರ, ಚೀಲ ಒಟ್ಟಿದ ಗೋದಾಮಿನ ಪಕ್ಕ ನಿಲ್ಲುವ ಕಾರಿನಲ್ಲಿ ಹಿಂದಿನ ಸ್ಪೀಕರ್ ಸುಮ್ಮನಾದರೆ ಮೊದಲು ಪಾದದ ಬಳಿಯ ಪ್ಲಾಸ್ಟಿಕ್ ಪಟ್ಟಿ ತೆಗೆದು ಕಾರ್ಪೆಟ್ ಎತ್ತಿ ನೋಡಿ. ಭತ್ತದ ಹೊಟ್ಟು, ಹಿಕ್ಕೆ, ವೈರಿನ ಸಣ್ಣ ಸಣ್ಣ ಚೂರು ಕಂಡರೆ ಬೇರೆ ಸಾಕ್ಷಿ ಬೇಡ. ತುಂಡಾದ ಜಾಗದಲ್ಲಿ ಮಾತ್ರ ಜೋಡಿಸಿ ಬಿಡಬೇಡಿ, ಆ ಗೊಂಚಲಿನ ಎಲ್ಲ ವೈರು ತಿರುವಿ ನೋಡಿ. ಅದೇ ಗೊಂಚಲಿನಲ್ಲಿ ಪೆಟ್ರೋಲ್ ಟ್ಯಾಂಕಿನ ಪಂಪಿನ ವೈರೂ ಇರಬಹುದು.

ಹಂತ 6: ಡೋರ್ ಬಿಚ್ಚಿ ಸ್ಪೀಕರ್ ನೋಡುವುದು

ಗ್ಲಾಸ್ ಪೂರ್ತಿ ಮೇಲಿರಲಿ. ಹ್ಯಾಂಡಲ್ ಹಿಂದೆ, ಕೈ ಇಡುವ ಜಾಗದ ಒಳಗೆ ಮುಚ್ಚಳದ ಅಡಿ ಸ್ಕ್ರೂ ಅಡಗಿರುತ್ತದೆ. ಅವನ್ನೆಲ್ಲ ತೆಗೆಯದೆ ಎಳೆದರೆ ಪ್ಯಾನೆಲ್ ಸೀಳುತ್ತದೆ. ಆಮೇಲೆ ಕೆಳಗಿನ ಮೂಲೆಯಿಂದ ಪ್ಲಾಸ್ಟಿಕ್ ಪಟ್ಟಿ ತೂರಿಸಿ ಒಂದೊಂದೇ ಕ್ಲಿಪ್ ಬಿಡಿಸುತ್ತಾ ಬನ್ನಿ. ಕೊನೆಗೆ ಪ್ಯಾನೆಲನ್ನು ಮೇಲಕ್ಕೆ ಎತ್ತಿ, ಒಮ್ಮೆಲೇ ಜಗ್ಗಬೇಡಿ. ಪವರ್ ವಿಂಡೋ ಸ್ವಿಚ್ಚಿನ ವೈರು ಹಿಂದೆ ತಗುಲಿಕೊಂಡಿರುತ್ತದೆ. ಮುರಿದ ಕ್ಲಿಪ್‌ಗೆ ಹೊಸದು ತಂದಿಡಿ, ಆಮೇಲಿನ ಗಡಗಡ ಸದ್ದಿಗೆ ಇದೇ ಮೂಲ.

ಸ್ಪೀಕರ್ ಬಿಚ್ಚುವ ಮೊದಲು ವೈರಿನ ಪ್ಲಸ್-ಮೈನಸ್ ಮಾರ್ಕರ್‌ನಿಂದ ಗುರುತು ಮಾಡಿ. ಬಿಚ್ಚಿ, ವೈರು ತೆಗೆದು, ಮೀಟರಿನಲ್ಲಿ ಓಮ್ಸ್ ನೋಡಿ. 4 ಓಮ್ ಸ್ಪೀಕರ್ 3ರಿಂದ 3.8ರವರೆಗೆ ತೋರಿಸಿದರೆ ಕಾಯಿಲ್ (ಕೋನನ್ನು ಅಲುಗಿಸುವ ಒಳಗಿನ ತಂತಿ ಸುರುಳಿ) ಚೆನ್ನಾಗಿದೆ. ಸರಿಯಾಗಿ 4 ಬರಲಿಲ್ಲ ಅಂತ ಗಾಬರಿ ಬೇಡ, ಮೀಟರ್ ಅಳೆಯುವುದು ಡಿಸಿ ಲೆಕ್ಕವನ್ನು. ಏನೂ ತೋರಿಸದಿದ್ದರೆ ಕಾಯಿಲ್ ತುಂಡಾಗಿದೆ. ಒಂದಕ್ಕಿಂತ ಕೆಳಗೆ ಬಂದರೆ ಕಾಯಿಲ್ ಸುಟ್ಟು ಒಂದಾಗಿದೆ. ಅದನ್ನು ಮತ್ತೆ ಹಚ್ಚಬೇಡಿ, ಡೆಕ್ಕನ್ನೂ ಕೊಲ್ಲುತ್ತದೆ.

ಈಗ ಕೈ ಪರೀಕ್ಷೆ. ಎರಡೂ ಕೈಯ ಬೆರಳುಗಳನ್ನು ಕೋನ್‌ನ ಎರಡು ಬದಿ ಸಮನಾಗಿ ಇಟ್ಟು, ಮೆತ್ತಗೆ ಒಳಗೆ ಒತ್ತಿ ಬಿಡಿ. ಕಿವಿ ಹತ್ತಿರ ಹಿಡಿಯಿರಿ. ಸದ್ದಿಲ್ಲದೆ ಹೋಗಿ ಬಂದರೆ ಸರಿ. ಮರಳು ತಿಕ್ಕಿದಂತೆ ಚರ್ ಅಂದರೆ ಕಾಯಿಲ್ ಎಲ್ಲೋ ತಾಗುತ್ತಿದೆ. ಮೂಗಿನ ಹತ್ತಿರ ತಂದು ವಾಸನೆ ನೋಡಿ, ಸುಟ್ಟ ಕಾಯಿಲ್ ತಿಂಗಳಾದರೂ ವಾಸನೆ ಬಿಡುವುದಿಲ್ಲ. ಕೋನ್ ಅಂಚಿನ ಸರೌಂಡ್ (ಬಾಗುವ ಪಟ್ಟಿ) ಸುತ್ತ ಬೆರಳು ಆಡಿಸಿ. ಫೋಮ್ ಆಗಿದ್ದರೆ ನಮ್ಮ ಬಿಸಿಲಿಗೆ ಪುಡಿಪುಡಿ ಆಗಿರುತ್ತದೆ. ರಬ್ಬರ್ ತಾಳುತ್ತದೆ, ಆದರೆ ಗೋಂದು ಬಿಟ್ಟಿರಬಹುದು. ಬರೀ ಗೋಂದು ಬಿಟ್ಟಿದ್ದರೆ ಒಣಗಿದ ಮೇಲೂ ಬಾಗುವ ರಬ್ಬರ್ ಗೋಂದಿನಿಂದ ಅಂಟಿಸಿ. ಫೆವಿಕ್ವಿಕ್ ಹಾಕಬೇಡಿ, ಗಟ್ಟಿಯಾಗಿ ಅಲ್ಲೇ ಸೀಳುತ್ತದೆ.

ಇನ್ನು ಧೂಳು. ತೋರಣಗಲ್ಲು ಕಡೆ ದಿನಾ ಓಡಾಡುವ ಕಾರು, ಕೊಪ್ಪಳದ ಗಿಣಿಗೇರಿ ಸುತ್ತಮುತ್ತ ನಿಲ್ಲುವ ಕಾರು, ಸಂಡೂರಿನ ಅದಿರು ಲಾರಿಗಳ ಹಿಂದೆ ಹೋಗುವ ಕಾರು ಇವುಗಳ ಸ್ಪೀಕರ್ ಬಿಚ್ಚಿದಾಗ ಕಾಣುವುದೇ ಬೇರೆ. ಅದಿರಿನ ಕೆಂಪು ಧೂಳು ಗ್ರಿಲ್ ಮೇಲೆ, ಕೋನ್ ಮೇಲೆ ಪದರವಾಗಿ ಕೂರುತ್ತದೆ. ಆದರೆ ಇಲ್ಲಿನ ಅದಿರು ಬಹುಪಾಲು ಹೆಮಟೈಟ್, ಅದನ್ನು ಮ್ಯಾಗ್ನೆಟ್ ಹೆಚ್ಚು ಎಳೆಯುವುದಿಲ್ಲ. ಕಾಟ ಕೊಡುವುದು ಸ್ಪಾಂಜ್ ಐರನ್ ಘಟಕ ಮತ್ತು ಸ್ಟೀಲ್ ಕಾರ್ಖಾನೆ ಕಡೆಯ ಕಪ್ಪು ಪುಡಿ. ಸ್ಪೀಕರ್‌ನ ಹಿಂದಿನ ಮ್ಯಾಗ್ನೆಟ್ ಅದನ್ನು ಹಿಡಿದು ಎಳೆಯುತ್ತದೆ. ಮ್ಯಾಗ್ನೆಟ್ ಅಂಚಿನಲ್ಲಿ ಸಣ್ಣ ಮುಳ್ಳಿನ ಹಾಗೆ ಕಪ್ಪು ಪುಡಿ ನೆಟ್ಟಗೆ ನಿಂತಿರುವುದು ಟಾರ್ಚ್ ಬೆಳಕಿಗೆ ಕಾಣುತ್ತದೆ. ಅದೇ ಪುಡಿ ಕಾಯಿಲ್ ಓಡಾಡುವ ಸಂದಿಗೆ ಹೋದರೆ ಚರಚರ ಶುರು.

ಸ್ವಚ್ಛ ಮಾಡುವಾಗ ಗ್ಯಾರೇಜಿನ ಕಂಪ್ರೆಸರ್ ಗಾಳಿ ಹೊಡೆಯಬೇಡಿ. ಹೊರಗಿದ್ದ ಪುಡಿಯನ್ನು ಅದೇ ಒಳಗೆ ತಳ್ಳುತ್ತದೆ, ಕೋನನ್ನೂ ಹರಿಯುತ್ತದೆ. ನೀರಂತೂ ಬೇಡವೇ ಬೇಡ. ಮೊದಲು ಸ್ಪೀಕರನ್ನು ಬೋರಲು ಹಿಡಿದು ಒಣ ಬ್ರಷ್‌ನಿಂದ ಕೆಂಪು ಧೂಳು ಇಳಿಸಿ. ಆಮೇಲೆ ಮಾಸ್ಕಿಂಗ್ ಟೇಪಿನ ಅಂಟು ಬದಿಯನ್ನು ಮ್ಯಾಗ್ನೆಟ್ ಅಂಚಿಗೆ, ಹಿಂದಿನ ಗಾಳಿ ಕಿಂಡಿಯ ಸುತ್ತ ಒತ್ತಿ ಒತ್ತಿ ತೆಗೆಯಿರಿ. ಟೇಪ್ ಬಿಳಿಯಾಗೇ ಬರುವವರೆಗೆ ಮಾಡಿ. ಇಷ್ಟಾದ ಮೇಲೂ ಕೈ ಪರೀಕ್ಷೆಯಲ್ಲಿ ಚರ್ ಅಂದರೆ ಪುಡಿ ಸಂದಿಯೊಳಗೆ ಸೇರಿದೆ. ಡೋರ್ ಸ್ಪೀಕರ್ ಆದರೆ ಅದನ್ನು ಬದಲಾಯಿಸುವುದೇ ಸೈ. ದೊಡ್ಡ ಸಬ್‌ವೂಫರ್ (ಬೇಸ್‌ಗೆಂದೇ ಇರುವ ಸ್ಪೀಕರ್) ಆದರೆ ಕಾಯಿಲ್-ಕೋನ್ ಬದಲಿಸುವ ರಿಪೇರಿಯವರ ಹತ್ತಿರ ಕೇಳಿ ನೋಡಬಹುದು.

ಹಂತ 7: ಡೋರ್ ಕೂಡ ಸ್ಪೀಕರ್‌ನ ಭಾಗ

ಸ್ಪೀಕರ್ ಚೆನ್ನಾಗಿದೆ, ವೈರು ಸರಿ ಇದೆ, ಬೇಸ್ ಮಾತ್ರ ಇಲ್ಲ. ಹಾಗಾದರೆ ಪ್ಯಾನೆಲ್ ಹಿಂದಿನ ತಗಡು ನೋಡಿ. ಅದರ ಮೇಲೆ ಒಂದು ಪ್ಲಾಸ್ಟಿಕ್ ಹಾಳೆ ಇರಬೇಕು. ಹಿಂದೆ ಯಾರೋ ವಿಂಡೋ ಮೋಟಾರ್ ರಿಪೇರಿ ಮಾಡುವಾಗ ಅದನ್ನು ಹರಿದು ಬಿಸಾಕಿರುತ್ತಾರೆ. ಕೋನ್‌ನ ಹಿಂದಿನ ಗಾಳಿ ಆ ತೂತುಗಳಿಂದ ಮುಂದೆ ಬಂದು, ಮುಂದಿನ ಬೇಸನ್ನು ತಿಂದುಹಾಕುತ್ತದೆ. ಹಾಳೆಯನ್ನು ಮತ್ತೆ ಅಂಟಿಸಿ, ದೊಡ್ಡ ತೂತುಗಳನ್ನು ಬ್ಯೂಟೈಲ್ ಡ್ಯಾಂಪಿಂಗ್ ಹಾಳೆಯಿಂದ ಮುಚ್ಚಿ. ಛಾವಣಿಗೆ ಹಾಕುವ ಡಾಂಬರಿನ ಹಾಳೆ ಅಗ್ಗ ಅಂತ ತರಬೇಡಿ. ಮೇ ತಿಂಗಳಲ್ಲಿ ಅದು ಕರಗಿ ಇಳಿಯುತ್ತದೆ, ಕಾರು ತುಂಬ ವಾಸನೆ. ಡೋರ್‌ನ ಅಡಿಯಲ್ಲಿರುವ ನೀರಿನ ಕಿಂಡಿಗಳನ್ನು ಮಾತ್ರ ಮುಚ್ಚಬೇಡಿ.

ಸ್ಪೀಕರ್ ಮತ್ತು ತಗಡಿನ ನಡುವೆ ಸಂದಿ ಇರಬಾರದು. ಅದಕ್ಕೆ ಫೋಮ್ ಪಟ್ಟಿ ಸುತ್ತ ಅಂಟಿಸಿ. ಸ್ಪೀಕರ್ ಕೂರಿಸಲು ಎಂಡಿಎಫ್ (ಮರದ ಪುಡಿಯ ಹಲಗೆ) ರಿಂಗ್ ಹಾಕಿದ್ದರೆ ಒಂದೆರಡು ಮಳೆಗಾಲಕ್ಕೆ ನೀರು ಕುಡಿದು ಉಬ್ಬಿರುತ್ತದೆ. ಪ್ಲಾಸ್ಟಿಕ್ ರಿಂಗ್‌ಗೆ ಬದಲಾಯಿಸಿ. ಈಗ ಪೆನ್‌ಡ್ರೈವ್‌ನ ಏರುವ ಟೋನ್ ಬಿಟ್ಟು, ಗಡಗಡ ಬಂದಾಗ ಡೋರ್‌ನ ಒಂದೊಂದು ಜಾಗ ಅಂಗೈಯಿಂದ ಒತ್ತಿ. ಎಲ್ಲಿ ಒತ್ತಿದಾಗ ನಿಲ್ಲುತ್ತದೋ ಅಲ್ಲಿ ಫೋಮ್ ತುಂಡು ಇಡಿ. ಲಾಕ್ ಕಡ್ಡಿ ಬಡಿಯುತ್ತಿದ್ದರೆ ಬಟ್ಟೆಯ ಟೇಪ್ ಸುತ್ತಿ. ಡೋರ್ ಪಾಕೆಟ್‌ನ ನೀರಿನ ಬಾಟಲಿ, ಚಿಲ್ಲರೆ ಕಾಸು ಮೊದಲೇ ತೆಗೆದಿಡಿ, ಆಮೇಲೆ ನಗಬೇಕಾದೀತು.

ಹಂತ 8: ಆಂಪ್ ಇರುವವರಿಗೆ

ಆಂಪ್ ಮೇಲಿನ ಗೇನ್ ಅಂದರೆ ವಾಲ್ಯೂಮ್ ಅಲ್ಲ, ಡೆಕ್‌ನ ಸಿಗ್ನಲ್‌ಗೆ ಆಂಪನ್ನು ಹೊಂದಿಸುವ ತಿರುಪು. ಗೇನ್ ಪೂರ್ತಿ ಇಳಿಸಿ. ಡೆಕ್ ವಾಲ್ಯೂಮ್ ಮುಕ್ಕಾಲಿಗೆ ತನ್ನಿ. ಹಾಡು ಬಿಟ್ಟು ಗೇನ್ ನಿಧಾನಕ್ಕೆ ಏರಿಸಿ. ಒಡೆದ ಸದ್ದು ಬಂದ ಕೂಡಲೇ ಸ್ವಲ್ಪ ಹಿಂದಕ್ಕೆ ತಿರುಗಿಸಿ ಬಿಟ್ಟುಬಿಡಿ. ಲೆಕ್ಕದಲ್ಲಿ ಮಾಡುವುದಾದರೆ ಸ್ಪೀಕರ್ ವೈರು ಬಿಚ್ಚಿ, ಮೀಟರ್ ಎಸಿ ವೋಲ್ಟ್‌ಗೆ ಇಟ್ಟು, 50 ಹರ್ಟ್ಜ್ ಟೋನ್ ಬಿಡಿ. ಡೋರ್ ಸ್ಪೀಕರ್ ಚಾನೆಲ್‌ಗಳಾದರೆ ಹೈ ಪಾಸ್ ಅಡ್ಡ ಬರದಂತೆ 1000 ಹರ್ಟ್ಜ್ ಟೋನ್. 4 ಓಮ್‌ಗೆ 50 ವ್ಯಾಟ್ ಅಂದರೆ 14.1 ವೋಲ್ಟ್, 100 ವ್ಯಾಟ್ ಅಂದರೆ 20 ವೋಲ್ಟ್. ಆ ನಂಬರ್ ಬಂದಲ್ಲಿ ನಿಲ್ಲಿಸಿ.

ಸಬ್‌ವೂಫರ್‌ಗೆ ಲೋ ಪಾಸ್ (ಬೇಸ್ ಮಾತ್ರ ಬಿಡುವ ಫಿಲ್ಟರ್) 80 ಹರ್ಟ್ಜ್, ಡೋರ್‌ಗೆ ಹೈ ಪಾಸ್ 80 ಹರ್ಟ್ಜ್. ಸಬ್‌ನ ಫೇಸ್ ಸ್ವಿಚ್ ಎರಡೂ ಕಡೆ ಹಾಕಿ, ಡ್ರೈವರ್ ಸೀಟಿನಲ್ಲಿ ಕೂತು ಕೇಳಿ, ಬೇಸ್ ಜಾಸ್ತಿ ಇರುವ ಕಡೆ ಬಿಡಿ. ಬ್ಯಾಟರಿಯಿಂದ ಅರ್ಧ ಮೀಟರ್ ಒಳಗೆ ಮೇನ್ ಫ್ಯೂಸ್ ಇಲ್ಲದಿದ್ದರೆ ಹಾಡು ಆಮೇಲೆ ಕೇಳಿ, ಮೊದಲು ಅದನ್ನು ಹಾಕಿಸಿ.

ಹಂತ 9: ಸ್ಪೀಕರ್ ಕೊಳ್ಳಲೇಬೇಕಾದರೆ

ಡಬ್ಬದ ಮೇಲಿನ 300 ವ್ಯಾಟ್, 400 ವ್ಯಾಟ್ ನೋಡಬೇಡಿ. ಆರ್‌ಎಂಎಸ್, ಅಂದರೆ ಸತತವಾಗಿ ತಾಳುವ ವ್ಯಾಟ್, ಎಷ್ಟು ಅಂತ ಕೇಳಿ. ಆಂಪ್ ಇಲ್ಲದಿದ್ದರೆ ಅದಕ್ಕಿಂತ ಮುಖ್ಯ ಸೆನ್ಸಿಟಿವಿಟಿ, ಅಂದರೆ ಕಮ್ಮಿ ಪವರ್‌ಗೆ ಎಷ್ಟು ಜೋರಾಗಿ ನುಡಿಯುತ್ತದೆ ಅನ್ನುವುದು. 90 ಡೆಸಿಬಲ್ ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ ಡೆಕ್‌ನ 15-20 ವ್ಯಾಟ್‌ಗೇ ಚೆನ್ನಾಗಿ ನುಡಿಯುತ್ತದೆ. 4 ಓಮ್ ಇರಲಿ. ಸರೌಂಡ್ ರಬ್ಬರ್ ಇರಲಿ, ಫೋಮ್ ಬೇಡ. ಎಡ-ಬಲ ಜೋಡಿಯಾಗೇ ಬದಲಾಯಿಸಿ. ದುಡ್ಡು ಕಮ್ಮಿ ಇದ್ದರೆ ಮುಂದಿನ ಎರಡಕ್ಕೆ ಹಾಕಿ, ಹಿಂದಿನವು ಹಾಗೇ ಇರಲಿ. ನೀವು ಕೇಳುವುದು ಮುಂದಿನವನ್ನೇ ಅಲ್ವಾ?

ಅಂಗಡಿಯಲ್ಲಿ ಹಾಕಿಸುವಾಗ ಪಕ್ಕದಲ್ಲೇ ನಿಲ್ಲಿ. ಹಳೆ ಸ್ಪೀಕರ್ ವಾಪಸ್ ಇಸಿದುಕೊಳ್ಳಿ. ಕಂಪನಿ ವೈರು ಕತ್ತರಿಸಲು ಬಿಡಬೇಡಿ, ನಿಮ್ಮ ಕಾರಿಗೆ ಹೊಂದುವ ಕಪ್ಲರ್ ಇದೆಯಾ ಕೇಳಿ. ಪ್ಯಾನೆಲ್ ಮುಚ್ಚುವ ಮೊದಲು ಬ್ಯಾಲೆನ್ಸ್ ಪರೀಕ್ಷೆ ನೀವೇ ಮಾಡಿ. ಆಮೇಲೆ ಗ್ಲಾಸನ್ನು ಪೂರ್ತಿ ಕೆಳಗಿಳಿಸಿ ನೋಡಿ. ಹೊಸ ಸ್ಪೀಕರ್‌ನ ಮ್ಯಾಗ್ನೆಟ್ ಉದ್ದ ಜಾಸ್ತಿ ಇದ್ದರೆ ಗ್ಲಾಸ್ ಅದಕ್ಕೆ ತಾಗಿ ನಿಲ್ಲುತ್ತದೆ, ಇಲ್ಲಾ ಒಡೆಯುತ್ತದೆ. ತಾಗಿದರೆ ರಿಂಗ್ ದಪ್ಪದ್ದು ಹಾಕಿ ಸ್ಪೀಕರನ್ನು ಈಚೆಗೆ ತರಬೇಕು. ಅದು ಆಗುವವರೆಗೆ ದುಡ್ಡು ಕೊಡಬೇಡಿ.